ಶಸ್ತ್ರಚಿಕಿತ್ಸೆಯ ಮಡಿ

ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವವನೊಬ್ಬ ಶಸ್ತ್ರಚಿಕಿತ್ಸೆಯನ್ನು ಕುರಿತು ಬರೆಯಹೊರಟರೆ, ‘ಇವನಿಗೇಕೆ ಈ ಉಸಾಬರಿ?’ ಎಂದು ಸ್ನೇಹಿತರು ಕೇಳುವುದು ಸಹಜ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ವೈದ್ಯರ ಮನೆತನದವನೂ ಅಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನು ನಾನೇ. ಆದರೆ ಕಳೆದ ಬೇಸಗೆಯ ರಜೆಯಲ್ಲಿ ನನ್ನ ಕೈಯಿಂದ ಒಂದು ತಪ್ಪು ನಡೆದುಹೋಯಿತು. ಅದು ಏಕೆ ತಪ್ಪೆಂದು ಕೇಳಿಕೊಂಡು ಹೋದಾಗ ತಿಳಿದುಬಂದ ಸಂಗತಿಗಳು ನನ್ನ ಸಹಪಾಠಿಗಳಿಗೂ ಉಪಯೋಗಕ್ಕೆ ಬಂದಾವೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನ ತಂದೆ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುವವರು. ಇಪ್ಪತ್ತೈದು ವರ್ಷ ಮೂಟೆ ಹೊತ್ತ ಮೈ. ಬಲತೊಡೆಯ ಸಂದಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟೊಂದು ಎದ್ದು, ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಸರಿಯುತ್ತಿತ್ತು. ಹರ್ನಿಯಾ ಎಂದರು ವೈದ್ಯರು. ಹೊಟ್ಟೆಯ ಗೋಡೆಯಲ್ಲಿ ಬಿಟ್ಟ ಸಂದಿಗೆ ಸಣ್ಣ ಕಣ್ಣಿನ ಬಲೆಯೊಂದನ್ನಿಟ್ಟು ಹೊಲಿಯಬೇಕೆಂದು ಹೇಳಿ ದಿನ ಗೊತ್ತುಮಾಡಿದರು. ಗಿರಣಿಯಲ್ಲಿ ಕೆಲಸ ಕಡಿಮೆಯಿರುವ ವಾರವನ್ನು ನೋಡಿಕೊಂಡು ಅಪ್ಪ ರಜೆ ಕೇಳಿದ್ದರು. ರಜೆಯೆಂದರೆ ಕೂಲಿಯಿಲ್ಲದ ರಜೆ.

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಪಕ್ಕದ ಹಾಸಿಗೆಯವರು, ‘ಆಪರೇಷನ್ ಆಗೋ ಜಾಗದ ಕೂದಲು ತೆಗೆದಿಡಿ, ಇಲ್ದಿದ್ರೆ ಬೆಳಿಗ್ಗೆ ಬೈತಾರೆ’ ಎಂದರು. ನಾನು ಅಂಗಡಿಗೆ ಓಡಿ ಹೊಸ ಬ್ಲೇಡು ತಂದೆ. ಬಚ್ಚಲುಮನೆಯ ಮಂದ ಬೆಳಕಿನಲ್ಲಿ ಅಪ್ಪ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ನಿಂತರು. ನಾನು ಹೊಟ್ಟೆಯ ಕೆಳಭಾಗವನ್ನು ಬೋಳಿಸಿದೆ. ಇಬ್ಬರೂ ಮಾತಾಡಲಿಲ್ಲ. ಮೂರು ಕಡೆ ಗೆರೆಯೆಳೆದಷ್ಟು ಗಾಯವಾಗಿ ರಕ್ತ ಜಿನುಗಿತು. ಒರೆಸಿ ಡೆಟಾಲ್ ಹಚ್ಚಿ, ಮಗನಾದವನು ಮಾಡಬೇಕಾದುದನ್ನು ಮಾಡಿದೆನೆಂಬ ಸಮಾಧಾನದಿಂದ ಮಲಗಿದೆ.

ಬೆಳಿಗ್ಗೆ ಆಪರೇಷನ್ ಥಿಯೇಟರಿನ ಹಿರಿಯ ಸಿಸ್ಟರ್ ಬಂದು ಹೊದಿಕೆ ಸರಿಸಿ ನೋಡಿದರು. ನೋಡಿದವರೇ ವೈದ್ಯರನ್ನು ಕರೆದರು. ವೈದ್ಯರು ಬಗ್ಗಿ ನೋಡಿ, ‘ಇವತ್ತು ಬೇಡ. ಇದು ಮಾಯಲಿ, ಎಂಟು ದಿನ ಬಿಟ್ಟು ಬನ್ನಿ’ ಎಂದು ಹೊರಟುಹೋದರು. ನನಗೆ ಸಿಟ್ಟು ಬಂದಿತು.

‘ಹೊಸ ಬ್ಲೇಡು ಸಿಸ್ಟರ್. ಪೊಟ್ಟಣ ನಾನೇ ಒಡೆದದ್ದು.’

‘ಬ್ಲೇಡು ಹೊಸದೇ ಇರಬಹುದು ಕಣಪ್ಪ, ಚರ್ಮ ಹಳೆಯದಲ್ವಾ?’ ಎಂದರು ಅವರು.

ಅಪ್ಪ ನನ್ನನ್ನು ಬೈಯಲಿಲ್ಲ. ಬಸ್ಸಿನಲ್ಲಿ ಅರ್ಧ ದಾರಿ ಬಂದಮೇಲೆ, ‘ಓದ್ದೋನು, ಗೊತ್ತಿದ್ದೇ ಮಾಡ್ತಾನೆ ಅಂತ ಸುಮ್ನಿದ್ದೆ ಕಣ್ ಮಗ’ ಎಂದರು. ಅಷ್ಟೇ. ಆ ಮಾತು ಮನೆಗೆ ಬರುವವರೆಗೂ, ಬಂದಮೇಲೂ, ನನ್ನನ್ನು ಬಿಡಲಿಲ್ಲ. ಎರಡು ದಿನ ಕಳೆದು ನಾನೊಬ್ಬನೇ ಆಸ್ಪತ್ರೆಗೆ ಹೋಗಿ ಆ ಸಿಸ್ಟರ್ ಅವರನ್ನು ಕಂಡೆ. ಸಂಜೆ ಕೆಲಸ ಮುಗಿದ ಮೇಲೆ, ಥಿಯೇಟರಿನ ಹೊರಗಿನ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಕುಳಿತು, ಅವರು ಒಂದು ಗಂಟೆಗೂ ಮಿಕ್ಕಿ ನನಗೆ ಪಾಠ ಹೇಳಿದರು. ಮುಂದೆ ಬರೆಯುವುದರಲ್ಲಿ ಬಹುಪಾಲು ಅಂದು ಕೇಳಿದ್ದು; ಉಳಿದುದು ಆಮೇಲೆ ಗ್ರಂಥಾಲಯದಲ್ಲಿ ಓದಿದ್ದು.

ಮೊದಲು ಚರ್ಮದ ಮಾತು. ನಮ್ಮ ಚರ್ಮವು ಊರಿನ ಸುತ್ತಲ ಕೋಟೆಗೋಡೆಯಿದ್ದಂತೆ. ಗೋಡೆಯ ಹೊರಮೈಯಲ್ಲಿ, ಕೂದಲ ಬುಡಗಳಲ್ಲಿ, ಬೆವರಿನ ರಂಧ್ರಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸದಾ ವಾಸವಾಗಿರುತ್ತವೆ. ಅವು ಹೊರಗಿರುವ ತನಕ ಅವುಗಳಿಂದ ಕೇಡಿಲ್ಲ. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಅವುಗಳ ಸಂಖ್ಯೆ ಕಡಿಮೆಯಾಗುತ್ತದೆಯೇ ಹೊರತು ಪೂರಾ ಇಲ್ಲವಾಗುವುದಿಲ್ಲ. ಚಾಕು, ಕತ್ತರಿಗಳನ್ನು ಕುದಿಸಬಹುದು, ಬೇಯಿಸಬಹುದು. ಬದುಕಿರುವ ಮನುಷ್ಯನ ಚರ್ಮವನ್ನು ಬೇಯಿಸಲಾದೀತೆ? ಆದುದರಿಂದ ಕೋಟೆಗೋಡೆಯನ್ನು ವೈದ್ಯರು ಬಾಗಿಲು ಕೊರೆಯುವ ಕ್ಷಣದವರೆಗೂ ಒಂದು ಬಿರುಕೂ ಇಲ್ಲದಂತೆ ಕಾಯಬೇಕು. ಬ್ಲೇಡು ಕೂದಲಿನ ಜೊತೆಗೆ ಚರ್ಮದ ಮೇಲ್ಪದರವನ್ನೂ ಕೆರೆಯುತ್ತದೆ. ಕಣ್ಣಿಗೆ ಕಂಡ ಗಾಯ ಮೂರಾದರೆ ಕಾಣದವು ಎಷ್ಟೋ. ರಾತ್ರಿಯೆಲ್ಲಾ ಆ ಬಿರುಕುಗಳಲ್ಲಿ ಸೂಕ್ಷ್ಮಜೀವಿಗಳು ವೃದ್ಧಿಯಾಗುತ್ತವೆ. ೨೦೧೬ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊರಡಿಸಿದ ಸೂಚನೆಗಳಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಕ್ಷೌರ ಮಾಡಲೇಕೂಡದೆಂದೂ, ಕೂದಲು ನಿಜವಾಗಿ ಅಡ್ಡಿಯಾಗುವಂತಿದ್ದರೆ ಚರ್ಮಕ್ಕೆ ತಾಗದಂತೆ ಯಂತ್ರದ ಕತ್ತರಿಯಿಂದ ತುಂಡರಿಸಬೇಕೆಂದೂ ಹೇಳಿದೆ. ಅಪ್ಪನ ವಿಷಯದಲ್ಲಂತೂ ಒಳಗೊಂದು ಬಲೆ ಕೂರಬೇಕಾಗಿತ್ತು. ಬಲೆಯ ಎಳೆಗಳಲ್ಲಿ ರಕ್ತ ಹರಿಯುವುದಿಲ್ಲ. ಅಲ್ಲಿ ಕ್ರಿಮಿ ಮನೆಮಾಡಿದರೆ ಔಷಧಿ ಅದನ್ನು ಮುಟ್ಟುವುದು ಕಷ್ಟ. ಕೆಲವು ಸಲ ಹೊಟ್ಟೆಯನ್ನು ಮತ್ತೆ ಕೊಯ್ದು ಬಲೆಯನ್ನೇ ತೆಗೆಯಬೇಕಾಗುತ್ತದೆ. ಎಂಟು ದಿನದ ಕೂಲಿ ಉಳಿಸಹೋಗಿ ಎಂಟು ತಿಂಗಳು ಮಲಗುವ ಸಂಭವವಿತ್ತೆಂಬುದು ಆಗ ನನಗೆ ಅರ್ಥವಾಯಿತು.

ಇತಿಹಾಸದ ವಿದ್ಯಾರ್ಥಿಗೆ ಸಹಜವಾಗಿಯೇ ಇನ್ನೊಂದು ಪ್ರಶ್ನೆ ಹುಟ್ಟಿತು: ಇದನ್ನೆಲ್ಲ ಮನುಷ್ಯ ಯಾವಾಗ ಕಲಿತ? ನಮ್ಮ ಸುಶ್ರುತಸಂಹಿತೆಯಲ್ಲಿ ಗಾಯಾಳುವಿಗೆ ಸಾಸಿವೆ, ಬೇವಿನೆಲೆ, ಉಪ್ಪು, ತುಪ್ಪಗಳ ಹೊಗೆ ಹಾಕಬೇಕೆಂಬ ವಿಧಿಯಿದೆ. ಆದರೆ ಆ ಹೊಗೆ ಯಾವುದನ್ನು ಓಡಿಸಬೇಕಾಗಿತ್ತೋ ಅದರ ನಿಜಸ್ವರೂಪ ತಿಳಿದದ್ದು ಬಹಳ ಈಚೆಗೆ. ತಿಳಿದ ದಾರಿಯೂ ಸುಖದ್ದಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. ವಿಚಿತ್ರವೆಂದರೆ, ಓದಿದ ವೈದ್ಯರಿದ್ದ ವಿಭಾಗದಲ್ಲಿಯೇ ಬಾಣಂತಿ ಜ್ವರದಿಂದ ಸಾಯುವವರು ಹೆಚ್ಚು. ಆ ವಿಭಾಗಕ್ಕೆ ಸೇರಿಸಬೇಡಿರೆಂದು ಹೆಂಗಸರು ಅಂಗಲಾಚುತ್ತಿದ್ದರಂತೆ. ಹಂಗರಿಯಿಂದ ಬಂದಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ ಇದರ ಕಾರಣವನ್ನು ಹುಡುಕಿದ. ೧೮೪೭ರಲ್ಲಿ ಅವನ ಮಿತ್ರನೊಬ್ಬ, ಶವಪರೀಕ್ಷೆ ಮಾಡುವಾಗ ಚಾಕು ತಗುಲಿ ಗಾಯಗೊಂಡು, ಬಾಣಂತಿಯರಂತೆಯೇ ಜ್ವರ ಬಂದು ತೀರಿಕೊಂಡ. ಅಲ್ಲಿಗೆ ಗುಟ್ಟು ಬಯಲಾಯಿತು. ವೈದ್ಯರು ಬೆಳಿಗ್ಗೆ ಹೆಣ ಕೊಯ್ದ ಕೈಗಳಲ್ಲಿಯೇ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣದ ಕೋಣೆಗೆ ಹೋಗುತ್ತಿರಲಿಲ್ಲ. ಎಲ್ಲರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಸೆಮ್ಮೆಲ್‌ವೈಸ್ ಕಟ್ಟಳೆ ಮಾಡಿದ. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ ೧೮ರಷ್ಟಿದ್ದ ಸಾವು ಜೂನ್‌ನಲ್ಲಿ ನೂರಕ್ಕೆ ಸುಮಾರು ೨ಕ್ಕೆ ಇಳಿಯಿತು. ಆದರೂ ಹಿರಿಯ ವೈದ್ಯರಲ್ಲಿ ಹಲವರು ಅವನ ಮಾತನ್ನು ಒಪ್ಪಲಿಲ್ಲ. ‘ನಮ್ಮ ಕೈಯೇ ಕೊಂದಿತು’ ಎಂದು ಒಪ್ಪಿಕೊಳ್ಳುವುದು ಸುಲಭವೆ? ನನ್ನ ಕೈಯಲ್ಲಿದ್ದ ಬ್ಲೇಡನ್ನು ನೆನೆದಾಗ ಆ ವೈದ್ಯರ ಹಟವೂ ನನಗೆ ಸ್ವಲ್ಪ ಅರ್ಥವಾಯಿತು. ಸೆಮ್ಮೆಲ್‌ವೈಸ್ ೧೮೬೫ರ ಆಗಸ್ಟ್ ೧೩ರಂದು ಹುಚ್ಚಾಸ್ಪತ್ರೆಯೊಂದರಲ್ಲಿ, ಗಾಯವು ವಿಷವೇರಿ, ತೀರಿಕೊಂಡ.

ಅದರ ಹಿಂದಿನ ದಿನ, ಆಗಸ್ಟ್ ೧೨ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯ, ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದಿದ್ದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದ. ಮೂಳೆ ಹೊರಬಂದ ಅಂಥ ಗಾಯ ಆ ಕಾಲದಲ್ಲಿ ಕೊಳೆತು, ಕಾಲು ಕತ್ತರಿಸುವುದರಲ್ಲಿ ಅಥವಾ ಸಾವಿನಲ್ಲಿ ಮುಗಿಯುವುದು ವಾಡಿಕೆ. ಈ ಹುಡುಗ ಆರು ವಾರಗಳಲ್ಲಿ ಎದ್ದು ನಡೆದ. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ಫ್ರಾನ್ಸಿನ ಲೂಯಿ ಪಾಸ್ಚರ್ ತೋರಿಸಿದ್ದನ್ನು ಓದಿ ಲಿಸ್ಟರ್ ಈ ಪ್ರಯೋಗಕ್ಕೆ ಕೈಹಾಕಿದ್ದ. ೧೮೬೭ರಲ್ಲಿ ತನ್ನ ಅನುಭವವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ.

ಗಾಯಕ್ಕೆ ಬಂದ ಕ್ರಿಮಿಯನ್ನು ಕೊಲ್ಲುವುದು ಲಿಸ್ಟರನ ದಾರಿ. ಬರದಂತೆಯೇ ತಡೆಯುವುದು ಅದರ ಮುಂದಿನ ಹೆಜ್ಜೆ. ಪಾಸ್ಚರನ ಸಹಾಯಕ ಚಾರ್ಲ್ಸ್ ಶಾಂಬರ್ಲಾನ್ ೧೮೭೯ರಲ್ಲಿ ಆಟೊಕ್ಲೇವ್ ಎಂಬ ಉಗಿಯಂತ್ರವನ್ನು ರೂಪಿಸಿದ. ಬರ್ಲಿನ್ನಿನಲ್ಲಿ ಬೆರ್ಗ್‌ಮನ್, ಶಿಮ್ಮೆಲ್‌ಬುಷ್ ಎಂಬ ವೈದ್ಯರು ಬಟ್ಟೆ, ಹತ್ತಿ, ಸಲಕರಣೆಗಳನ್ನೆಲ್ಲ ಉಗಿಯಲ್ಲಿ ಶುದ್ಧಿಮಾಡುವ ಪದ್ಧತಿಯನ್ನು ಬಳಕೆಗೆ ತಂದರು. ರಬ್ಬರ್ ಕೈಚೀಲದ ಕಥೆ ಸ್ವಾರಸ್ಯವಾದದ್ದು. ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನ ಬಳಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯಿದ್ದಳು. ಕೈತೊಳೆಯುವ ಪಾದರಸದ ದ್ರಾವಣದಿಂದ ಅವಳ ಕೈಚರ್ಮ ಸುಲಿಯತೊಡಗಿತು. ಹಾಲ್‌ಸ್ಟೆಡ್ ಒಂದು ರಬ್ಬರ್ ಕಂಪನಿಗೆ ಬರೆದು ಅವಳಿಗಾಗಿ ತೆಳುವಾದ ಕೈಚೀಲಗಳನ್ನು ಮಾಡಿಸಿದ. ೧೮೯೦ರಲ್ಲಿ ಅವಳನ್ನೇ ಮದುವೆಯಾದ. ದಾದಿಯ ಕೈಯನ್ನು ಕಾಯಲು ಬಂದ ಕೈಚೀಲ ರೋಗಿಯನ್ನೂ ಕಾಯುತ್ತದೆಂಬುದು ಆಮೇಲೆ ತಿಳಿಯಿತು.

ಹೀಗೆ ಬೆಳೆದು ಬಂದ ಪದ್ಧತಿಗೆ ಆಸ್ಪತ್ರೆಯವರ ಮಾತಿನಲ್ಲಿ ‘ಸ್ಟೆರೈಲ್ ಫೀಲ್ಡ್’ ಎಂದು ಹೆಸರು. ‘ಕ್ರಿಮಿರಹಿತ ವಲಯ’ ಎನ್ನಬಹುದು. ಆದರೆ ಸಿಸ್ಟರ್ ನನಗೆ ಹೇಳಿದ್ದು ಇನ್ನೂ ಸುಲಭವಾದ ಮಾತಿನಲ್ಲಿ: ‘ನಿಮ್ಮ ಊರಲ್ಲಿ ಮಡಿ ಅಂತಾರಲ್ಲಪ್ಪ, ಇದೂ ಒಂದು ಮಡಿ. ಆದರೆ ಇದರ ಕಾನೂನೇ ಬೇರೆ.’ ಆ ಕಾನೂನನ್ನು ಈಗ ನೋಡೋಣ.

ಮಡಿ ಉಗಿಯಿಂದ ಆರಂಭವಾಗುತ್ತದೆ. ತೆರೆದ ಪಾತ್ರೆಯಲ್ಲಿ ನೀರು ೧೦೦ ಡಿಗ್ರಿಗೆ ಕುದಿಯುತ್ತದೆ. ಧನುರ್ವಾಯುವಿನ ಕ್ರಿಮಿಯಂಥವು ತಮ್ಮ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಆ ಕುದಿತವನ್ನೂ ಬಹಳ ಹೊತ್ತು ತಾಳಬಲ್ಲವು. ನಮ್ಮ ಅಡಿಗೆಮನೆಯ ಕುಕ್ಕರಿನಂತೆ ಆವಿಯನ್ನು ಒತ್ತಡದಲ್ಲಿ ಹಿಡಿದಿಟ್ಟರೆ ಶಾಖ ಏರುತ್ತದೆ. ಆಟೊಕ್ಲೇವಿನಲ್ಲಿ ಚದರ ಅಂಗುಲಕ್ಕೆ ೧೫ ಪೌಂಡು ಒತ್ತಡದಲ್ಲಿ ಉಗಿಯು ೧೨೧ ಡಿಗ್ರಿಗೆ ಏರಿ, ಗೊತ್ತಾದ ಹೊತ್ತು ನಿಂತರೆ, ಯಾವ ಕವಚವೂ ನಿಲ್ಲದು. ಬಟ್ಟೆಯ ಗಂಟಿನ ಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಉಗಿ ತಾಕಿದಾಗ ಅದರ ಗೆರೆಗಳು ಕಪ್ಪಾಗುತ್ತವೆ. ಗೆರೆ ಕಪ್ಪಾಗದ ಗಂಟು, ಒದ್ದೆಯಾದ ಗಂಟು, ಸಣ್ಣ ತೂತು ಬಿದ್ದ ಗಂಟು, ಇವು ಯಾವುವೂ ಒಳಗೆ ಹೋಗುವಂತಿಲ್ಲ.

ಇತ್ತ ರೋಗಿಯ ಸಿದ್ಧತೆ. ಸೋಪು ಹಚ್ಚಿ ಸ್ನಾನ. ಬೇಕಾದ ಶಸ್ತ್ರಚಿಕಿತ್ಸೆಗಳಲ್ಲಿ, ಚರ್ಮ ಕೊಯ್ಯುವ ಮುಂಚಿನ ೧೨೦ ನಿಮಿಷಗಳೊಳಗೆ ಕ್ರಿಮಿನಾಶಕ ಔಷಧಿಯ ಸೂಜಿ. ಮೇಜಿನ ಮೇಲೆ ಮಲಗಿಸಿದ ಬಳಿಕ ಚರ್ಮಕ್ಕೆ ಔಷಧಿ ಬಳಿಯುತ್ತಾರೆ. ಸ್ಪಿರಿಟ್ಟಿನಲ್ಲಿ ಕಲಸಿದ ಕ್ಲೋರ್‌ಹೆಕ್ಸಿಡಿನ್ ಎಂಬುದು ಈಗ ಮೇಲೆಂದು ಎಣಿಸಲ್ಪಟ್ಟಿದೆ. ಕಂದುಬಣ್ಣದ ಅಯೊಡಿನ್ ದ್ರಾವಣವೂ ಬಳಕೆಯಲ್ಲಿದೆ. ಅಯೊಡಿನ್ ಬಳಿಯುವಾಗ ಕೊಯ್ಯಬೇಕಾದ ಜಾಗದಲ್ಲಿ ಆರಂಭಿಸಿ, ರಂಗೋಲಿಯ ಸುತ್ತುಗಳಂತೆ ಹೊರಹೊರಕ್ಕೆ ಹೋಗುತ್ತಾರೆ. ಅಂಚು ಮುಟ್ಟಿದ ಹತ್ತಿ ಮತ್ತೆ ನಡುವಿಗೆ ಬರುವಂತಿಲ್ಲ. ಅದನ್ನು ಎಸೆದು ಹೊಸದನ್ನು ತೆಗೆದುಕೊಳ್ಳಬೇಕು. ನಾವು ಮನೆಯಲ್ಲಿ ಗಾಯ ತೊಳೆಯುವಾಗ ಒಂದೇ ಹತ್ತಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತೇವಲ್ಲ, ಅದರ ತಪ್ಪು ನನಗೆ ಅಂದು ತಿಳಿಯಿತು. ಬಳಿದ ಔಷಧಿ ತಾನಾಗಿ ಒಣಗಬೇಕು. ಕ್ರಿಮಿ ಸಾಯಲು ಹೊತ್ತು ಬೇಕೆಂಬುದು ಒಂದು ಕಾರಣ. ಸ್ಪಿರಿಟ್ಟು ಆರದೆ ನಿಂತಿದ್ದರೆ, ರಕ್ತ ನಿಲ್ಲಿಸುವ ವಿದ್ಯುತ್ ಸಲಕರಣೆಯ ಕಿಡಿಗೆ ಬೆಂಕಿ ಹತ್ತಬಹುದೆಂಬುದು ಇನ್ನೊಂದು. ಆಮೇಲೆ ಕ್ರಿಮಿರಹಿತ ಬಟ್ಟೆಗಳನ್ನು ಸುತ್ತಲೂ ಹೊದಿಸಿ, ನಡುವೆ ಕಿಟಕಿಯಷ್ಟು ಜಾಗ ಬಿಡುತ್ತಾರೆ. ಹಾಸಿದ ಬಟ್ಟೆ ಓರೆಯಾಯಿತೆಂದು ಅದನ್ನು ಗಾಯದ ಕಡೆಗೆ ಎಳೆಯುವಂತಿಲ್ಲ. ಎಳೆದರೆ ಹೊರಗಿನದು ಒಳಗೆ ಬಂದಂತೆ.

ಅತ್ತ ವೈದ್ಯರೂ ಅವರಿಗೆ ಸಲಕರಣೆ ಕೊಡುವ ಸಿಸ್ಟರೂ ಮುಸುಕು, ಟೋಪಿ ಧರಿಸಿ, ಬೆರಳ ತುದಿಯಿಂದ ಮೊಣಕೈವರೆಗೆ ಕೈ ತಿಕ್ಕಿ ತೊಳೆಯುತ್ತಾರೆ. ತೊಳೆದ ಮೇಲೆ ಕೈಗಳನ್ನು ಮೇಲೆತ್ತಿ ಹಿಡಿಯಬೇಕು. ನೀರು ಬೆರಳಿನಿಂದ ಮೊಣಕೈಗೆ ಇಳಿಯಬೇಕೇ ಹೊರತು ಮೊಣಕೈಯ ನೀರು ಬೆರಳಿಗೆ ಬರಬಾರದು. ಕೈ ಜೋಡಿಸಿ ಎತ್ತಿಕೊಂಡು ಒಳಬರುವ ವೈದ್ಯರನ್ನು ಚಿತ್ರಗಳಲ್ಲಿ ಕಂಡು ನಾವು ಅದೊಂದು ಠೀವಿಯೆಂದು ತಿಳಿದಿದ್ದೆವು!

ಸಲಕರಣೆಯ ಗಂಟನ್ನು ಬಿಚ್ಚುವುದನ್ನು ಸಿಸ್ಟರ್ ತಮ್ಮ ಊಟದ ಡಬ್ಬಿಯನ್ನು ಟವೆಲಿನಲ್ಲಿ ಕಟ್ಟಿ ನನಗೆ ತೋರಿಸಿದರು. ಮೊದಲು ತನ್ನಿಂದ ದೂರದ ಮಡಿಕೆ, ಆಮೇಲೆ ಎಡಬಲದವು, ಕೊನೆಗೆ ತನ್ನ ಕಡೆಯದು. ಏಕೆಂದರೆ ಹತ್ತಿರದ ಮಡಿಕೆಯನ್ನು ಮೊದಲೇ ಬಿಚ್ಚಿದರೆ, ದೂರದ್ದನ್ನು ಬಿಚ್ಚಲು ಕೈಯನ್ನು ತೆರೆದ ಸಲಕರಣೆಗಳ ಮೇಲೆ ಚಾಚಬೇಕಾಗುತ್ತದೆ. ಬಟ್ಟೆಯ ಅಂಚಿನ ಒಂದು ಅಂಗುಲವನ್ನು ಮೈಲಿಗೆಯೆಂದೇ ಎಣಿಸಬೇಕು.

ಈ ಮಡಿಯ ಭೂಗೋಳ ಬಹಳ ಬಿಗಿಯಾದದ್ದು. ಶುದ್ಧವಾದ ನಿಲುವಂಗಿ ತೊಟ್ಟವರಿಗೆ ಎದೆಯಿಂದ ಸೊಂಟದವರೆಗೆ ಮುಂಭಾಗ ಮಾತ್ರ ಮಡಿ. ತೋಳುಗಳು ಮೊಣಕೈಯಿಂದ ತುಸು ಮೇಲಿನವರೆಗೆ ಮಡಿ. ಬೆನ್ನು, ಹೆಗಲು, ಕಂಕುಳು, ಸೊಂಟದ ಕೆಳಗಿನದೆಲ್ಲ ಮೈಲಿಗೆ. ಹಾಗಾಗಿ ಕೈಕಟ್ಟಿ ನಿಲ್ಲುವಂತಿಲ್ಲ, ಕೈ ಇಳಿಬಿಡುವಂತಿಲ್ಲ. ಮಡಿಯಲ್ಲಿರುವ ಇಬ್ಬರು ಒಬ್ಬರನ್ನೊಬ್ಬರು ದಾಟಬೇಕಾದರೆ ಎದುರಿಗೆ ಎದುರು, ಇಲ್ಲವೆ ಬೆನ್ನಿಗೆ ಬೆನ್ನು ಮಾಡಿ ದಾಟಬೇಕು. ಮೇಜಿನ ಮೇಲ್ಮೈ ಮಡಿ. ಅದರಿಂದ ಜೋತುಬಿದ್ದ ಬಟ್ಟೆ ಅಲ್ಲ. ಮಡಿಯುಡದವರು ಒಂದು ಅಡಿ ದೂರ ನಿಂತು, ಯಾವುದರ ಮೇಲೂ ಬಗ್ಗದೆ, ಎರಡು ಮಡಿ ಮೇಜುಗಳ ನಡುವೆ ಹಾಯದೆ, ಹೊರಗಿನ ಕೆಲಸಗಳನ್ನು ನೋಡಿಕೊಳ್ಳಬೇಕು.

ಒಂದು ಸಂಗತಿಯನ್ನು ಕೇಳಿ ನಾನು ನಕ್ಕುಬಿಟ್ಟೆ. ನಮ್ಮಲ್ಲಿ ಹಿರಿಯರು ನೀರಿನಲ್ಲಿ ಜಾಲಿಸಿ ತೆಗೆದ ಒದ್ದೆಬಟ್ಟೆಯನ್ನೇ ಉಟ್ಟು ಮಡಿಯೆನ್ನುತ್ತಾರಲ್ಲವೆ? ಥಿಯೇಟರಿನಲ್ಲಿ ಒದ್ದೆಯಾದದ್ದೆಲ್ಲ ಮೈಲಿಗೆ. ಬತ್ತಿಯಲ್ಲಿ ಎಣ್ಣೆ ಏರುವಂತೆ, ಒದ್ದೆಬಟ್ಟೆಯ ಎಳೆಗಳಲ್ಲಿ ನೀರಿನೊಡನೆ ಕ್ರಿಮಿಗಳೂ ಕೆಳಗಿನಿಂದ ಮೇಲಕ್ಕೆ ಏರಿಬರುತ್ತವೆ.

ಇಷ್ಟೆಲ್ಲ ನಿಯಮಗಳಿಗಿಂತ ದೊಡ್ಡದು ಒಂದಿದೆಯೆಂದರು ಸಿಸ್ಟರ್. ‘ಅನುಮಾನ ಬಂತೋ, ಅದು ಮೈಲಿಗೆ.’ ಮುಟ್ಟಿತೋ ಇಲ್ಲವೋ ಎಂದು ವಾದ ಮಾಡುವ ಹಾಗಿಲ್ಲ. ಮುಟ್ಟಿತೆಂದೇ ತಿಳಿದು ಬದಲಾಯಿಸಬೇಕು. ಕ್ರಿಮಿ ಕಣ್ಣಿಗೆ ಕಾಣದು. ಕೈಚೀಲದ ತುದಿ ಯಾವುದಕ್ಕೋ ತಾಗಿದ್ದನ್ನು ತಾಗಿಸಿದವನೊಬ್ಬನೇ ಬಲ್ಲ. ಅವನು ಬಾಯಿ ಬಿಡದಿದ್ದರೆ ಆ ಹೊತ್ತಿಗೆ ಯಾರಿಗೂ ತಿಳಿಯದು. ಐದಾರು ದಿನ ಕಳೆದು ಗಾಯ ಕೆಂಪಾಗಿ ಕೀವು ಬಂದಾಗಲೂ, ಇದು ಇಂಥವರಿಂದ ಬಂದಿತೆಂದು ಬೆರಳು ತೋರಿಸಲಾಗದು. ಆಟೊಕ್ಲೇವು, ಔಷಧಿ, ಕೈಚೀಲ ಎಲ್ಲವೂ ಇದ್ದು, ಕೊನೆಗೆ ಇಡೀ ವಲಯವು ನಿಂತಿರುವುದು ಒಬ್ಬ ಮನುಷ್ಯನ ನಾಲಗೆಯ ಪ್ರಾಮಾಣಿಕತೆಯ ಮೇಲೆ.

ಈ ಮಾತಿನ ಸತ್ಯವನ್ನು ನನಗೆ ತಿಳಿಸಿದವರು ಅಪ್ಪ. ಒಂಬತ್ತನೆಯ ದಿನ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಅರಿವು ತಪ್ಪಿಸಿದ್ದರಿಂದ ಅವರು ಎಚ್ಚರವಾಗಿದ್ದರು. ಕಣ್ಣಿನ ಮುಂದೆ ಬಟ್ಟೆಯ ತೆರೆಯಿದ್ದರೂ ಕಿವಿ ಕೇಳುತ್ತಿತ್ತು. ಮರುದಿನ ಗಂಜಿ ಕುಡಿಯುತ್ತ ಅವರು ಹೇಳಿದರು:

‘ಎಲ್ಲಾ ಹಾಸಿ ರೆಡಿ ಮಾಡಿದ್ರು ಮಗ. ಆಗ ಒಬ್ಬ ಹುಡುಗ, ದನಿ ಕೇಳಿದ್ರೆ ನಿನಗಿಂತ ನಾಕೈದು ವರ್ಷ ದೊಡ್ಡೋನಿರಬೇಕು, “ಸಾರ್, ನನ್ನ ತೋಳು ಮುಟ್ಟಿಹೋಯ್ತು ಅನ್ಸುತ್ತೆ” ಅಂದ. ಯಾರೂ ನೋಡಿರಲಿಲ್ವಂತೆ. ದೊಡ್ಡ ಡಾಕ್ಟ್ರು “ಸರಿ, ತೆಗೀರಿ” ಅಂದ್ರು. ಬೈಯಲಿಲ್ಲ. ಹಾಸಿದ್ದ ಬಟ್ಟೆ, ಸಾಮಾನು ಎಲ್ಲಾ ತೆಗೆದು ಹೊಸದು ತಂದ್ರು. ನಾನೇನು ದುಡ್ಡಿರೋನೋ, ದೊಡ್ಡ ಮನುಷ್ಯನೋ? ನನಗೋಸ್ಕರ ಅಷ್ಟೂ ಬದಲಾಯಿಸಿದ್ರಲ್ಲ ಮಗ!’

‘ಮುಟ್ಟಿತು’ ಎಂಬ ಮಾತನ್ನು ಅಪ್ಪ ತಮ್ಮ ಬದುಕಿನಲ್ಲಿ ಬಹಳ ಸಲ ಕೇಳಿದ್ದಾರೆ. ಊರಿನ ದೇವಸ್ಥಾನದ ಜಗಲಿಯಲ್ಲಿ, ದೊಡ್ಡ ಮನೆಗಳ ಹಟ್ಟಿಬಾಗಿಲಲ್ಲಿ, ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಬಳಿಯಲ್ಲಿ ಕೇಳಿದ್ದಾರೆ. ಅಲ್ಲೆಲ್ಲ ಮುಟ್ಟಿದವರು ಅವರು. ಮೈಲಿಗೆಯಾದದ್ದು ಬೇರೆಯವರ ಮಡಿ. ಮೊದಲ ಸಲ, ಅವರ ಮೈಯೇ ಮಡಿಯಾಗಿ ನಡುವೆ ಮಲಗಿತ್ತು. ಅದಕ್ಕೆ ಕೇಡು ತಟ್ಟಬಾರದೆಂದು ಓದಿದ ಡಾಕ್ಟರನೊಬ್ಬ ‘ನನ್ನಿಂದ ಮೈಲಿಗೆಯಾಯಿತು’ ಎಂದು ತಾನಾಗಿ ಹೇಳಿ ಹಿಂದೆ ಸರಿದಿದ್ದ. ಅಪ್ಪ ಇದನ್ನು ಈ ಮಾತುಗಳಲ್ಲಿ ಹೇಳಲಿಲ್ಲ. ಆದರೆ ಆ ಕಥೆಯನ್ನು ಅವರು ನೋಡಲು ಬಂದವರಿಗೆಲ್ಲ ಹೇಳಿದ್ದನ್ನು ನಾನು ಕೇಳಿದ್ದೇನೆ.

ಊರಿನ ಮಡಿ ಹುಟ್ಟಿನಿಂದ ಬರುತ್ತದೆ. ಪಡೆದವನು ಅದನ್ನು ಸುಲಭವಾಗಿ ಕಳೆದುಕೊಳ್ಳುವುದಿಲ್ಲ, ಪಡೆಯದವನಿಗೆ ಅದು ಎಂದೂ ದಕ್ಕುವುದಿಲ್ಲ. ಥಿಯೇಟರಿನ ಮಡಿ ಐದು ನಿಮಿಷ ಕೈ ತಿಕ್ಕಿದವನಿಗೆಲ್ಲ ಬರುತ್ತದೆ. ಎಷ್ಟೇ ದೊಡ್ಡ ವೈದ್ಯನಾದರೂ ತನ್ನ ಮೂಗನ್ನು ತಾನು ಮುಟ್ಟಿಕೊಂಡರೆ ಆ ಕ್ಷಣವೇ ಹೋಗುತ್ತದೆ. ಅದನ್ನು ದಿನದಿನವೂ ಹೊಸದಾಗಿ ಸಂಪಾದಿಸಬೇಕು. ಎರಡಕ್ಕೂ ನಾವು ಒಂದೇ ಹೆಸರು ಕೊಟ್ಟರೂ, ಎರಡನೆಯದರಲ್ಲಿ ಕಾಯುವುದು ತನ್ನನ್ನಲ್ಲ, ಎದುರಿಗೆ ಮಲಗಿದವನನ್ನು.

ಕೊನೆಯದಾಗಿ, ನನ್ನಂತೆ ಆಸ್ಪತ್ರೆಯಲ್ಲಿ ಮನೆಯವರ ಜೊತೆಗಿರಬೇಕಾಗಿ ಬರುವ ಸ್ನೇಹಿತರಿಗೆ ಕೆಲವು ಮಾತು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಚೆನ್ನಾಗಿ ಸ್ನಾನ ಮಾಡಿಸಿ, ಉಗುರು ಕತ್ತರಿಸಿರಿ. ಬ್ಲೇಡನ್ನು ಮುಟ್ಟಿಸಬೇಡಿರಿ, ಕೂದಲಿನ ವಿಚಾರವನ್ನು ಸಿಸ್ಟರ್ ಅವರಿಗೇ ಬಿಡಿರಿ. ಮೈಮೇಲೆ ಕುರು, ಹುಣ್ಣು, ಕಜ್ಜಿ ಇದ್ದರೆ, ಎರಡು ದಿನದಿಂದ ಜ್ವರವೋ ಕೆಮ್ಮೋ ಇದ್ದರೆ, ದಿನ ಮುಂದೆ ಹೋದೀತೆಂದು ಮುಚ್ಚಿಡದೆ ಹೇಳಿರಿ. ಗಾಯದ ಕಟ್ಟನ್ನು ಬಿಚ್ಚಿ ನೋಡುವ ಕುತೂಹಲ ಬೇಡ. ರೋಗಿಯನ್ನು ಮುಟ್ಟುವ ಮೊದಲು ಕೈ ತೊಳೆಯಿರಿ. ನೋಡಲು ಬಂದ ನೆಂಟರಿಗೂ ಸಂಕೋಚವಿಲ್ಲದೆ ಹೇಳಿರಿ.

ಅಪ್ಪನ ಗಾಯ ಕೀವಿಲ್ಲದೆ ಮಾಯಿತು. ಈಗ ಅವರು ಗಿರಣಿಯಲ್ಲಿ ಮೂಟೆ ಹೊರುವುದಿಲ್ಲ. ದಬ್ಬಣ ಹಿಡಿದು ಮೂಟೆಯ ಬಾಯಿ ಹೊಲಿಯುತ್ತಾರೆ. ಕೂಲಿ ಸ್ವಲ್ಪ ಕಡಿಮೆ. ಕಳೆದ ತಿಂಗಳು ನಮ್ಮ ಬೀದಿಯವರೊಬ್ಬರಿಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿ, ಅವರ ಮಗ ಏನೇನು ಒಯ್ಯಬೇಕೆಂದು ಅಪ್ಪನನ್ನು ಕೇಳಲು ಬಂದಿದ್ದ. ಅಪ್ಪ ತಟ್ಟೆ, ಲೋಟ, ಹೊದಿಕೆ ಎಂದು ಒಂದೊಂದೇ ಹೇಳಿ, ಕೊನೆಗೆ, ‘ಬ್ಲೇಡ್ ಮಾತ್ರ ತಗೊಂಡ್ ಹೋಗಬೇಡ ಕಣಪ್ಪ. ಯಾಕೆ ಅಂತ ನನ್ನ ಮಗನ್ನ ಕೇಳು, ಅವನು ಓದಿ ತಿಳ್ಕೊಂಡಿದಾನೆ’ ಎಂದರು.